ವಾರಂಟಿ ಮುಗಿದ ಮೇಲೆ ಟಿವಿ ಕೆಟ್ಟರೆ: "ಪ್ಯಾನೆಲ್ ಹೋಗಿದೆ" ಅನ್ನುವ ಮಾತನ್ನು ಒಪ್ಪುವ ಮೊದಲು

ಒಂದು ಸಂಜೆ ಅಡುಗೆಮನೆಯಲ್ಲಿದ್ದೆ. "ಮಾತು ಕೇಳಿಸ್ತಿದೆ, ಚಿತ್ರ ಬರ್ತಿಲ್ಲ ಕಣೇ" ಅಂತ ಅತ್ತೆ ಹಾಲ್‌ನಿಂದ ಕೂಗಿದರು. ಬಂದು ನೋಡಿದರೆ 43 ಇಂಚಿನ ಪರದೆ ಪೂರ್ತಿ ಕಪ್ಪು. ಧಾರಾವಾಹಿಯ ದನಿ ಮಾತ್ರ ಸರಿಯಾಗಿ ಬರುತ್ತಿತ್ತು. ಬಿಲ್ ಹುಡುಕಿ ತೆಗೆದೆ. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಸರ್ವೀಸ್ ಸೆಂಟರ್‌ನಿಂದ ಬಂದವರು ಟಿವಿಯ ಹಿಂಬದಿ ಬಿಚ್ಚಲೂ ಇಲ್ಲ. ಐದು ನಿಮಿಷ ನೋಡಿ, "ಪ್ಯಾನೆಲ್ ಹೋಗಿದೆ ಮೇಡಂ, 19 ಸಾವಿರ ಆಗುತ್ತೆ. ಅದರ ಬದಲು ಹೊಸದೇ ತಗೊಳ್ಳಿ" ಅಂದು ವಿಸಿಟ್ ಚಾರ್ಜ್ ತಗೊಂಡು ಹೋದರು.

ಆ ಟಿವಿ ಈಗಲೂ ನಮ್ಮ ಮನೆಯಲ್ಲಿ ಓಡುತ್ತಿದೆ. ಪ್ಯಾನೆಲ್‌ಗೆ, ಅಂದರೆ ಚಿತ್ರ ಮೂಡುವ ಪರದೆಗೆ, ಏನೂ ಆಗಿರಲಿಲ್ಲ. ಒಳಗಿನ ದೀಪದ ಪಟ್ಟಿಗಳು ಹೋಗಿದ್ದವು. ಖರ್ಚಾಗಿದ್ದು 2,600 ರೂಪಾಯಿ.

ಆಮೇಲೆ ನೆಂಟರು, ಅಕ್ಕಪಕ್ಕದವರು ಎಷ್ಟೋ ಜನ ಇದೇ ಪ್ರಶ್ನೆ ಕೇಳಿದ್ದಾರೆ. ಅವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಯಾವ ಭಾಗ ಕೆಟ್ಟಿದೆ ಅಂತ ಗೊತ್ತಾಗುವವರೆಗೆ ಯಾವುದಕ್ಕೂ ಹೂಂ ಅನ್ನಬೇಡಿ, ದುಡ್ಡೂ ಕೊಡಬೇಡಿ. ಉಳಿದದ್ದನ್ನು ಒಂದೊಂದಾಗಿ ಬರೆಯುತ್ತೇನೆ.

ಮೊದಲು ಮನೆಯಲ್ಲೇ ನೋಡಿ

ಸ್ವಿಚ್ ಬೋರ್ಡಿನ ಅದೇ ಪಾಯಿಂಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಪಾಯಿಂಟೇ ಸತ್ತಿರುವುದುಂಟು. ರಿಮೋಟ್‌ಗೆ ಹೊಸ ಸೆಲ್ ಹಾಕಿ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ಲನ್ನು ಬಿಚ್ಚಿ ಬೇರೆ ಪೋರ್ಟ್‌ಗೆ ಸಿಕ್ಕಿಸಿ. ಬರೀ ಟಿವಿಯ ಮೆನು ಸರಿಯಾಗಿ ಕಾಣಿಸಿದರೆ ತೊಂದರೆ ಇರುವುದು ಬಾಕ್ಸಿನಲ್ಲಿ ಅಥವಾ ಕೇಬಲ್ಲಿನಲ್ಲಿ, ಟಿವಿಯಲ್ಲಲ್ಲ.

ಇದರಿಂದ ಆಗದಿದ್ದರೆ ಪ್ಲಗ್ ಕಿತ್ತು, ಟಿವಿಯ ಮೈಮೇಲಿರುವ ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಹಾಗೇ ಬಿಟ್ಟು ಮತ್ತೆ ಹಾಕಿ. ಸ್ಮಾರ್ಟ್ ಟಿವಿಗಳು ಒಳಗೊಳಗೇ ಒಂದು ಕಂಪ್ಯೂಟರ್ ಇದ್ದ ಹಾಗೆ. ಸಾಫ್ಟ್‌ವೇರ್ ಸಿಕ್ಕಿಕೊಂಡಿದ್ದರೆ ಇಷ್ಟಕ್ಕೇ ಸರಿಹೋಗುವುದುಂಟು. ಕಂಪನಿಯ ಲೋಗೋ ಬಂದು ಅಲ್ಲೇ ನಿಲ್ಲುತ್ತಿದ್ದರೂ ಮೊದಲ ಅನುಮಾನ ಸಾಫ್ಟ್‌ವೇರ್ ಮೇಲೆ ಇರಲಿ.

ಇನ್ನು ನಮ್ಮ ಟಿವಿಗೆ ಆದ ಹಾಗೆ ದನಿ ಇದ್ದು ಚಿತ್ರ ಇಲ್ಲದಿದ್ದರೆ, ಟಾರ್ಚ್ ಹಿಡಿದು ನೋಡುವ ಪರೀಕ್ಷೆ ಒಂದಿದೆ. ಇದನ್ನು ಎಲ್ಲರೂ ತಿಳಿದುಕೊಂಡಿರಬೇಕು. ರಾತ್ರಿ ಕೋಣೆಯ ದೀಪ ಆರಿಸಿ. ಟಿವಿ ಆನ್ ಇರಲಿ. ಮೊಬೈಲ್ ಟಾರ್ಚನ್ನು ಪರದೆಗೆ ತೀರಾ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದು ನಿಧಾನಕ್ಕೆ ಸರಿಸಿ. ಬೆಳಕು ಬಿದ್ದ ಜಾಗದಲ್ಲಿ ಮಸುಕಾಗಿ ಮುಖವೋ ಅಕ್ಷರವೋ ಕಾಣಿಸಿದರೆ ನಿಮ್ಮ ಪ್ಯಾನೆಲ್ ಕೆಲಸ ಮಾಡುತ್ತಿದೆ. ಅದರ ಹಿಂದಿನ ಬೆಳಕು ಮಾತ್ರ ಹೋಗಿದೆ.

ಇದು ಯಾಕೆ ಹೀಗೆ ಅಂದರೆ, ನಾವು ಎಲ್‌ಇಡಿ ಟಿವಿ ಅಂತ ಕರೆಯುವುದು ನಿಜವಾಗಿ ಎಲ್‌ಸಿಡಿ ಪರದೆ. ಆ ಪರದೆ ತಾನಾಗಿ ಬೆಳಗುವುದಿಲ್ಲ. ಅದರ ಬೆನ್ನಿಗೆ ಎಲ್‌ಇಡಿ ದೀಪಗಳ ಪಟ್ಟಿಗಳಿರುತ್ತವೆ. ದೀಪಾವಳಿಯ ಹಳೇ ಸೀರಿಯಲ್ ಸೆಟ್‌ನ ಹಾಗೆ ಒಂದರ ಬಾಲಕ್ಕೆ ಇನ್ನೊಂದು ಸೇರಿಸಿದ ಜೋಡಣೆ ಅದು. ಒಂದು ದೀಪ ಸುಟ್ಟರೆ ಇಡೀ ಸಾಲು ಆರುತ್ತದೆ. ಆನ್ ಮಾಡಿದ ಕೂಡಲೇ ಒಂದು ಕ್ಷಣ ಬೆಳಕು ಬಂದು ಹೋಗುವುದೂ ಸಾಮಾನ್ಯವಾಗಿ ಇದರದ್ದೇ ಲಕ್ಷಣ. ಪರದೆಯಲ್ಲಿ ಅಲ್ಲಲ್ಲಿ ದುಂಡಗೆ ಬಿಳಿ ಚುಕ್ಕೆ ಕಾಣಿಸುತ್ತಿದ್ದರೆ ದೀಪದ ಮೇಲಿನ ಪುಟ್ಟ ಲೆನ್ಸ್‌ಗಳ ಅಂಟು ಬಿಟ್ಟಿದೆ ಅಂತ ಅರ್ಥ. ಬಣ್ಣವೆಲ್ಲ ನೀಲಿಗೆ ತಿರುಗಿದ್ದರೆ ದೀಪಗಳು ಹಳತಾಗಿವೆ. ಈ ಮೂರೂ ರಿಪೇರಿ ಆಗುವಂಥವು.

ಟಿವಿಗೆ ಜೀವವೇ ಇಲ್ಲ, ಕೆಂಪು ಲೈಟೂ ಉರಿಯುತ್ತಿಲ್ಲ ಅಂದರೆ ಮೊದಲ ಅನುಮಾನ ಪವರ್ ಬೋರ್ಡಿನ ಮೇಲೆ. ಇದೂ ರಿಪೇರಿ ಆಗುತ್ತದೆ. ಕೆಂಪು ಲೈಟು ಬಿಟ್ಟು ಬಿಟ್ಟು ಮಿಣುಕುತ್ತಿದ್ದರೆ ಎಷ್ಟು ಸಲ ಮಿಣುಕುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಹಲವು ಕಂಪನಿಗಳಲ್ಲಿ ಆ ಲೆಕ್ಕವೇ ದೋಷದ ಗುರುತು. ಮೆಕ್ಯಾನಿಕ್‌ಗೆ ಹೇಳಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ.

ನಿಜವಾಗಿ ಕಷ್ಟ ಇರುವುದು ಪರದೆಯಲ್ಲಿ ಮೇಲಿಂದ ಕೆಳಗೆ ಗೆರೆ ಬಂದಾಗ, ಅಥವಾ ಪೆಟ್ಟು ಬಿದ್ದು ಒಳಗೆ ಜೇಡರ ಬಲೆಯ ಹಾಗೆ ಒಡೆದಾಗ. ಗೆರೆ ಬಂದಿದ್ದಕ್ಕೆ ಟೀಕಾನ್ ಅನ್ನುವ ಚಿಕ್ಕ ಬೋರ್ಡೂ ಕಾರಣವಾಗಿರಬಹುದು, ಒಮ್ಮೆ ನೋಡಿಸಿ. ಒಡೆದಿದ್ದರೆ ಮಾತ್ರ ಅದು ಪ್ಯಾನೆಲ್ಲೇ, ಅನುಮಾನ ಬೇಡ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹಿಂಬದಿಯ ಮುಚ್ಚಳವನ್ನು ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ಕರೆಂಟ್ ಸ್ವಲ್ಪ ಹೊತ್ತು ನಿಂತಿರುತ್ತದೆ. ವಿಡಿಯೋ ನೋಡಿ ಕೈ ಹಾಕುವ ಕೆಲಸ ಅಲ್ಲ ಇದು.

ಕಾಗದ ಹುಡುಕಿ, ತಾರೀಕು ನೋಡಿ

ವಾರಂಟಿ ಮುಗಿದಿದೆ ಅಂತ ನಾವೇ ಅಂದುಕೊಂಡುಬಿಡುತ್ತೇವೆ, ಅಲ್ವಾ? ಕಾರ್ಡನ್ನು ಒಂದು ಸಲ ಪೂರ್ತಿ ಓದಿ. ಕೆಲವು ಮಾದರಿಗಳಲ್ಲಿ ಇಡೀ ಟಿವಿಗೆ ಒಂದು ವರ್ಷ, ಪ್ಯಾನೆಲ್‌ಗೆ ಮಾತ್ರ ಅದಕ್ಕಿಂತ ಜಾಸ್ತಿ ಅಂತ ಇರುತ್ತದೆ. ಕೊಳ್ಳುವಾಗ ಅಂಗಡಿಯವರು ಒಂದೆರಡು ಸಾವಿರಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಿರುತ್ತಾರೆ, ನಮಗೆ ನೆನಪೇ ಇರುವುದಿಲ್ಲ. ಬಿಲ್ಲಿನಲ್ಲಿ ಅದು ಬೇರೆ ಸಾಲಾಗಿ ಇರುತ್ತದೆ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಬಿಲ್ಲು ಆರ್ಡರ್ ಪುಟದಲ್ಲೇ ಸಿಗುತ್ತದೆ. ಅಂಗಡಿಯ ಬಿಲ್ ಕಳೆದಿದ್ದರೆ ಅಲ್ಲೇ ಹೋಗಿ ಮೊಬೈಲ್ ನಂಬರ್ ಹೇಳಿ ನಕಲು ಕೇಳಿ.

ಹಿಂದೆ ಎಂದಾದರೂ ಇದೇ ತೊಂದರೆಗೆ ದೂರು ಕೊಟ್ಟಿದ್ದೀರಾ? ಇದು ತುಂಬಾ ಮುಖ್ಯ. ವಾರಂಟಿ ಇದ್ದಾಗಲೇ ಗೆರೆ ಬಂದಿತ್ತು, ಬಂದು ಸರಿ ಮಾಡಿ ಹೋದರು, ಈಗ ಮತ್ತೆ ಅದೇ ಬಂದಿದೆ ಅಂದರೆ ನಿಮ್ಮ ಮಾತಿನ ತೂಕವೇ ಬೇರೆ. ಆಗಿನ ಎಸ್‌ಎಂಎಸ್, ದೂರಿನ ನಂಬರ್, ರಿಪೇರಿಗೆ ಬಂದವರು ಬರೆದುಕೊಟ್ಟ ಚೀಟಿ (ಜಾಬ್ ಶೀಟ್) ಏನಿದ್ದರೂ ತೆಗೆದಿಡಿ. ಟಿವಿಯ ಹಿಂದಿನ ಸ್ಟಿಕ್ಕರ್‌ನ ಫೋಟೋ ತೆಗೆಯಿರಿ, ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡೂ ಕಾಣಬೇಕು. ತೊಂದರೆಯ ಒಂದು ಚಿಕ್ಕ ವಿಡಿಯೋ ಮಾಡಿಕೊಳ್ಳಿ.

ಕಂಪನಿಗೆ ಫೋನ್ ಮಾಡುವ ಮುನ್ನ

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಮಾಡಬೇಡಿ. ಕಂಪನಿಯ ಹೆಸರು ಹಾಕಿಕೊಂಡ ನಕಲಿ ನಂಬರ್‌ಗಳು ಅಲ್ಲಿರುತ್ತವೆ. ನಂಬರನ್ನು ವಾರಂಟಿ ಕಾರ್ಡಿನಿಂದಲೋ ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೋ ತಗೊಳ್ಳಿ. ಫೋನಿನಲ್ಲಿ ಯಾರಾದರೂ "ಹತ್ತು ರೂಪಾಯಿ ಕಳಿಸಿ ರಿಜಿಸ್ಟರ್ ಮಾಡಿ", "ಈ ಆ್ಯಪ್ ಹಾಕ್ಕೊಳ್ಳಿ", "ಒಟಿಪಿ ಹೇಳಿ" ಅಂದರೆ ಅಲ್ಲೇ ಕಟ್ ಮಾಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಹಣ ತಡೆಯುವ ಸಾಧ್ಯತೆ ಜಾಸ್ತಿ.

"ಹೇಗೂ ವಾರಂಟಿ ಇಲ್ಲ, ಕಂಪನಿಗೆ ಯಾಕೆ?" ಅನಿಸಬಹುದು. ಆದರೂ ಒಂದು ದೂರು ದಾಖಲಿಸಿ. ಮುಂದೆ ಏನೇ ಮಾಡಿದರೂ ಆ ನಂಬರ್ ಬೇಕಾಗುತ್ತದೆ. ವಿಸಿಟ್ ಚಾರ್ಜ್ ಎಷ್ಟು, ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರಾ ಅಂತ ಫೋನಿನಲ್ಲೇ ಕೇಳಿ.

ಬಂದವರು ಬಿಚ್ಚಿ ನೋಡಲಿ. ಕೆಟ್ಟ ಭಾಗದ ಹೆಸರು, ಅದರ ಬೆಲೆ, ಕೂಲಿ ಇಷ್ಟನ್ನೂ ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಒಪ್ಪಬೇಡಿ. ನಾನು ಮೊದಲ ಸಲ ಬರೆಸಿಕೊಳ್ಳಲಿಲ್ಲ, ಆಮೇಲೆ ಕಂಪನಿಗೆ ಬರೆಯುವಾಗ "ಪ್ಯಾನೆಲ್ ಅಂತ ಹೇಳಿದರು" ಅನ್ನುವುದಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಬಿಡಿಭಾಗ ಸಿಗುವುದಿಲ್ಲ ಅಂದರೆ ಅದನ್ನೂ ಬರೆದು ಕೊಡಿ ಅನ್ನಿ. ದುಡ್ಡು ಕಂಪನಿಯ ಖಾತೆಗೆ ಹೋಗಲಿ, ಬಂದವರ ಸ್ವಂತ ಫೋನಿಗಲ್ಲ. ಬದಲಿಸಿದ ಭಾಗಕ್ಕೆ ಎಷ್ಟು ದಿನದ ವಾರಂಟಿ ಅಂತ ಬಿಲ್ಲಿನಲ್ಲಿ ಇರಬೇಕು.

ಸರ್ವೀಸ್ ಸೆಂಟರ್‌ಗಳು ಸಾಮಾನ್ಯವಾಗಿ ಬೋರ್ಡನ್ನು ರಿಪೇರಿ ಮಾಡುವುದಿಲ್ಲ, ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಬಿಲ್ಲು ದೊಡ್ಡದಾಗುವುದಕ್ಕೆ ಇದೂ ಒಂದು ಕಾರಣ.

ಊರಿನ ಮೆಕ್ಯಾನಿಕ್

ನಮ್ಮ ಟಿವಿ ಉಳಿಸಿದವರು ಬಸ್ ಸ್ಟ್ಯಾಂಡ್ ಹತ್ತಿರ ಹತ್ತಡಿ ಅಂಗಡಿ ಇಟ್ಟುಕೊಂಡ ರಿಪೇರಿಯವರು. ಮೇಜಿನ ಮೇಲೆ ಹಳೇ ಕಂಬಳಿ ಹಾಸಿ, ಟಿವಿಯನ್ನು ಕವುಚಿ ಮಲಗಿಸಿದರು. ಸ್ಕ್ರೂಗಳನ್ನು ಒಂದು ಸ್ಟೀಲ್ ಲೋಟಕ್ಕೆ ಹಾಕಿದರು. ಬೋರ್ಡುಗಳನ್ನು ಒಂದೊಂದಾಗಿ ತೋರಿಸಿದರು. ಆಮೇಲೆ ಇಬ್ಬರು ಸೇರಿ, ಕಾದ ಹಂಚಿನಿಂದ ತೆಳ್ಳಗಿನ ದೋಸೆ ಎತ್ತುವಷ್ಟು ಜೋಪಾನವಾಗಿ, ಪ್ಯಾನೆಲ್ಲನ್ನು ಎತ್ತಿ ಪಕ್ಕಕ್ಕಿಟ್ಟರು. ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳು. ಟೆಸ್ಟರ್ ತುದಿ ಮುಟ್ಟಿಸುತ್ತಾ ಹೋದರು. ಒಂದೊಂದೇ ದೀಪ ಹೊತ್ತಿಕೊಂಡಿತು. ಎರಡನೇ ಪಟ್ಟಿಯ ಐದನೆಯದು ಹೊತ್ತಲಿಲ್ಲ. "ನೋಡಕ್ಕಾ, ಇದೊಂದೇ" ಅಂದರು. ಆ ದೀಪದ ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಕಲೆ ಇತ್ತು.

ಅದೊಂದನ್ನೇ ಬದಲಿಸಿದರೆ ಸಾಲದಾ ಅಂತ ಕೇಳಿದೆ. ಆಗುತ್ತದೆ, ಆದರೆ ಉಳಿದವೂ ಅಷ್ಟೇ ಹಳತು, ಆರು ತಿಂಗಳಲ್ಲಿ ಇನ್ನೊಂದು ಹೋಗುತ್ತದೆ, ಮತ್ತೆ ಪ್ಯಾನೆಲ್ ಎತ್ತಬೇಕು ಅಂದರು. ಎತ್ತುವಾಗಲೇ ಅಪಾಯ ಜಾಸ್ತಿ. ಹಾಗಾಗಿ ಎಲ್ಲ ಪಟ್ಟಿಯನ್ನೂ ಒಟ್ಟಿಗೆ ಬದಲಿಸಿದೆವು. ಈ ಸಲಹೆ ಸರಿ ಅಂತಲೇ ನನ್ನ ಅಭಿಪ್ರಾಯ. ಹೊಸ ಪಟ್ಟಿ ಹಳೆಯದರ ವೋಲ್ಟೇಜಿಗೆ ಸರಿಹೊಂದಬೇಕು. 3 ವೋಲ್ಟ್‌ನ ದೀಪಗಳ ಜಾಗಕ್ಕೆ 6 ವೋಲ್ಟ್‌ನವು ಕೂರುವುದಿಲ್ಲ. ಮಾಡೆಲ್ ನಂಬರ್ ನೋಡಿ ತರಿಸುವ ಮೆಕ್ಯಾನಿಕ್ ಸಿಕ್ಕರೆ ನೆಮ್ಮದಿ. ಊರಲ್ಲಿ ಸಿಗದ ಎಷ್ಟೋ ಪಟ್ಟಿ, ಬೋರ್ಡುಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ. ರಿಪೇರಿಯವರು ಅಲ್ಲಿಂದ ಬಸ್ಸಿನಲ್ಲಿ ತರಿಸಿಕೊಳ್ಳುತ್ತಾರೆ.

ಟಿವಿ ಕೊಡುವ ಮೊದಲು ಮೂರು ವಿಷಯ ಮಾತಾಡಿಕೊಳ್ಳಿ. ಬಿಚ್ಚುವಾಗ ಪ್ಯಾನೆಲ್ ಒಡೆದರೆ ಯಾರ ಹೊಣೆ? ಇದನ್ನು ಕೇಳಲು ಸಂಕೋಚ ಬೇಡ, ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ. ಮೇನ್ ಬೋರ್ಡ್ ಬದಲಿಸುವುದಾದರೆ ಅದೇ ಮಾಡೆಲಿನದಾ, ಹಲವು ಟಿವಿಗಳಿಗೆ ಹೊಂದುವ ಯೂನಿವರ್ಸಲ್ ಬೋರ್ಡಾ? ಯೂನಿವರ್ಸಲ್ ಹಾಕಿದರೆ ಟಿವಿ ನಡೆಯುತ್ತದೆ, ಆದರೆ ರಿಮೋಟ್ ಬದಲಾಗುತ್ತದೆ, ಮೊದಲಿದ್ದ ಸ್ಮಾರ್ಟ್ ಸೌಲಭ್ಯಗಳು ಹಾಗೇ ಉಳಿಯುತ್ತವೆ ಅಂತ ಹೇಳಲಾಗದು. ಮೂರನೆಯದು, ತೆಗೆದ ಹಳೇ ಭಾಗ ನಿಮ್ಮ ಕೈಗೆ ಬರಬೇಕು. ಚಿಕ್ಕ ಚೀಟಿಯಲ್ಲಾದರೂ ಬಿಲ್ ಬರೆಸಿಕೊಳ್ಳಿ.

ಇನ್ನೊಂದು ವಿಷಯ. ಮನೆಗೆ ತಂದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕ್‌ಲೈಟ್ 100 ಇದ್ದರೆ 50, 60ಕ್ಕೆ ಇಳಿಸಿ. ದೀಪದ ಪಟ್ಟಿ ಬೇಗ ಸುಡಲು ಮುಖ್ಯ ಕಾರಣ ಬಿಸಿ. ಮನೆಯೊಳಗೆ ನೋಡಲು ಅಷ್ಟು ಬೆಳಕು ಧಾರಾಳವಾಗಿ ಸಾಕು.

ರಿಪೇರಿಯೋ, ಹೊಸದೋ

ಲೆಕ್ಕ ಹಾಕುವಾಗ ನೀವು ಕೊಂಡ ಬೆಲೆಯನ್ನು ನೋಡಬೇಡಿ, ಅಷ್ಟೇ ಇಂಚಿನ ಟಿವಿಯ ಇವತ್ತಿನ ಬೆಲೆ ನೋಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ರಿಪೇರಿ ಖರ್ಚು ಹೊಸದರ ಮೂರನೇ ಒಂದು ಭಾಗದೊಳಗೆ ಇದ್ದರೆ ನಾನು ಕಣ್ಣುಮುಚ್ಚಿ ರಿಪೇರಿ ಮಾಡಿಸುತ್ತೇನೆ. ಅರ್ಧ ದಾಟಿದರೆ ಬೇಡ. ಪ್ಯಾನೆಲ್ಲೇ ಹೋಗಿದ್ದರೆ, ಕಂಪನಿ ಏನಾದರೂ ಬಿಟ್ಟುಕೊಟ್ಟರೆ ಮಾತ್ರ ಯೋಚಿಸಿ.

ಬಿಟ್ಟುಕೊಡುತ್ತಾರಾ? ಕೇಳಿದರೆ ಕೊಡುವುದುಂಟು. ವಾರಂಟಿ ಮುಗಿದು ಕೆಲವೇ ತಿಂಗಳಾಗಿದ್ದರೆ, ಅಥವಾ ಆ ಮಾಡೆಲ್‌ನಲ್ಲಿ ಅದೇ ದೋಷ ಹಲವರಿಗೆ ಬಂದಿದ್ದರೆ, ಭಾಗದ ಬೆಲೆ ಬಿಟ್ಟು ಕೂಲಿ ಮಾತ್ರ ತಗೊಳ್ಳುವುದೋ, ಅರ್ಧ ಬೆಲೆ ಹಾಕುವುದೋ ಅವರ ಕೈಯಲ್ಲಿದೆ. ಫೋನಿನಲ್ಲಿ ಮಾತಾಡುವವರಿಗೆ ಆ ಅಧಿಕಾರ ಇರುವುದಿಲ್ಲ. ಅವರ ವೆಬ್‌ಸೈಟಿನಲ್ಲಿ ದೂರು ನಿರ್ವಹಣಾ ಅಧಿಕಾರಿಯ ಇಮೇಲ್ ಇರುತ್ತದೆ, ಅದಕ್ಕೆ ಬರೆಯಿರಿ. ಸಿಟ್ಟು ಬೇಡ, ತಾರೀಕು ಇರಲಿ:

"ನಾನು ಇಂಥ ದಿನ ಇಂಥ ಮಾಡೆಲಿನ ಟಿವಿ ಕೊಂಡಿದ್ದೇನೆ. ಸೀರಿಯಲ್ ನಂಬರ್ ಇದು. ಇಂಥ ದಿನ ಪರದೆಯಲ್ಲಿ ಗೆರೆಗಳು ಬಂದವು. ಪೆಟ್ಟು ಬಿದ್ದಿಲ್ಲ, ನೀರು ತಾಗಿಲ್ಲ. ನಿಮ್ಮ ಸರ್ವೀಸ್ ಸೆಂಟರ್ ಪ್ಯಾನೆಲ್ ದೋಷ ಎಂದು ಬರೆದುಕೊಟ್ಟಿದೆ, ಪ್ರತಿ ಲಗತ್ತಿಸಿದ್ದೇನೆ. ಇಷ್ಟು ಕಡಿಮೆ ಸಮಯದಲ್ಲಿ ಪ್ಯಾನೆಲ್ ಕೆಡುವುದು ತಯಾರಿಕೆಯ ದೋಷ ಎಂದು ನನ್ನ ನಂಬಿಕೆ. ಉಚಿತವಾಗಿ ಅಥವಾ ಕೂಲಿ ಮಾತ್ರ ಪಡೆದು ಬದಲಿಸಿಕೊಡಬೇಕೆಂದು ಕೋರುತ್ತೇನೆ. 15 ದಿನಗಳೊಳಗೆ ಉತ್ತರ ಕೊಡಿ."

ಉತ್ತರ ಬರದಿದ್ದರೆ 1915

ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರು ಕಂಪನಿಗೆ ದೂರನ್ನು ತಲುಪಿಸಿ ಉತ್ತರ ಕೇಳುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ, ಆದರೂ ನಮ್ಮ ಇಮೇಲ್‌ಗೆ ಸುಮ್ನೆ ಇದ್ದವರು ಇಲ್ಲಿಂದ ಹೋದರೆ ಮಾತಿಗೆ ಬರುವುದುಂಟು. ಇದಕ್ಕೆ ಖರ್ಚಿಲ್ಲ.

ಆದರೂ ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನಮ್ಮಂಥವರಿಗೆ ದೊಡ್ಡ ಅನುಕೂಲವಾಗಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೊಂದರೆ ಶುರುವಾದ 2 ವರ್ಷದೊಳಗೆ ಸಲ್ಲಿಸಬೇಕು. ಕಂಪನಿಗೆ ಪತ್ರದ ಮೇಲೆ ಪತ್ರ ಬರೆಯುತ್ತಾ ಕೂತರೆ ಈ ಗಡುವು ಮುಂದಕ್ಕೆ ಹೋಗುವುದಿಲ್ಲ, ನೆನಪಿಡಿ. 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಹಿಡಿಯಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ.

ಎಂಥ ದೂರು ನಿಲ್ಲುತ್ತದೆ ಅನ್ನುವುದನ್ನೂ ನೇರವಾಗಿ ಹೇಳಬೇಕು. "ವಾರಂಟಿ ಮುಗಿದ ಮೇಲೆ ಕೆಟ್ಟಿತು" ಅನ್ನುವುದಷ್ಟೇ ನಿಮ್ಮ ಕೈಯಲ್ಲಿದ್ದರೆ ಗೆಲ್ಲುವುದು ಕಷ್ಟ. ತಯಾರಿಕೆಯಲ್ಲೇ ದೋಷ ಇತ್ತು ಅಂತ ತೋರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ, ಅದಕ್ಕೆ ತಿಳಿದವರ ವರದಿ ಬೇಕಾಗುತ್ತದೆ. ವಾರಂಟಿ ಒಳಗೇ ಶುರುವಾದ ದೋಷ, ಅವರೇ ಬದಲಿಸಿದ ಭಾಗ ಮತ್ತೆ ಕೆಟ್ಟಿದ್ದು, ಎಕ್ಸ್‌ಟೆಂಡೆಡ್ ವಾರಂಟಿ ಇದ್ದೂ ರಿಪೇರಿ ಮಾಡದೆ ತಳ್ಳಿದ್ದು, ದುಡ್ಡು ತಗೊಂಡು ಸರಿ ಮಾಡದೆ ಹೋದದ್ದು: ಇವುಗಳಲ್ಲಿ ಒಂದಿದ್ದರೂ ಧೈರ್ಯವಾಗಿ ಮುಂದುವರಿಯಿರಿ.

ಕರೆಂಟಿನಿಂದ, ಸಿಡಿಲಿನಿಂದ ಹೋದದ್ದಾದರೆ

ಇದರ ದಾರಿ ಬೇರೆ. ಬೀದಿಯ ಲೈನಿನಲ್ಲಿ ನ್ಯೂಟ್ರಲ್ ಕಟ್ಟಾದರೆ 230 ಬರಬೇಕಾದ ಕಡೆ 400ರ ಹತ್ತಿರ ವೋಲ್ಟೇಜ್ ನುಗ್ಗಬಹುದು. ಆಗ ನಿಮ್ಮೊಬ್ಬರದ್ದೇ ಅಲ್ಲ, ಸಾಲಿನ ಹಲವು ಮನೆಗಳ ಟಿವಿ, ಫ್ರಿಜ್ ಒಟ್ಟಿಗೆ ಹೋಗಿರುತ್ತವೆ. ಎಲ್ಲರೂ ಸೇರಿ ಅದೇ ದಿನ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಸಿಡಿಲಿನಿಂದ ಹೋಗಿದ್ದರೆ, ಮನೆಗೆ ವಿಮೆ ಇದ್ದವರು ಪಾಲಿಸಿ ತೆಗೆದು ನೋಡಿ, ಸಾಮಾನುಗಳೂ ಅದರಲ್ಲಿ ಸೇರಿರಬಹುದು. ಮಲೆನಾಡಿನ ಕಡೆಯವರಿಗೆ ಗೊತ್ತೇ ಇದೆ, ಗುಡುಗು ಶುರುವಾದರೆ ಪ್ಲಗ್ ಕಿತ್ತರೆ ಸಾಲದು. ಡಿಶ್‌ನಿಂದ ಬರುವ ಕೇಬಲ್ಲನ್ನೂ ಬಿಚ್ಚಬೇಕು. ಸಿಡಿಲು ಆ ದಾರಿಯಲ್ಲಿ ಬಂದು ಎಚ್‌ಡಿಎಂಐ ಪೋರ್ಟ್ ಸುಡುತ್ತದೆ.

ಕೊನೆಗೂ ಸರಿಯಾಗದ ಟಿವಿ

ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಹಳೇ ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಇದೆ. ಮೊದಮೊದಲ ಎಲ್‌ಸಿಡಿ ಟಿವಿಗಳ ಟ್ಯೂಬಿನಲ್ಲಿ ಪಾದರಸ ಇದೆ. ಒಡೆದು ಸುಡುವವರ ಮೈಗೇ ಅದು ಮೊದಲು ಸೇರುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಟಿವಿಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಕಂಪನಿಯ ವೆಬ್‌ಸೈಟಿನಲ್ಲಿ ಇ-ತ್ಯಾಜ್ಯದ ಪುಟ ಹುಡುಕಿ, ಎಲ್ಲಿ ಕೊಡಬೇಕು ಅಂತ ಇರುತ್ತದೆ. ಇಲ್ಲವೇ ಹೊಸದು ಕೊಳ್ಳುವಾಗ ಎಕ್ಸ್‌ಚೇಂಜ್‌ಗೆ ಕೇಳಿ. ನಿಮ್ಮ ಮೆಕ್ಯಾನಿಕ್‌ಗೂ ಒಮ್ಮೆ ಕೇಳಿ ನೋಡಿ, ಪ್ಯಾನೆಲ್ ಒಡೆದ ಟಿವಿಯ ಬೋರ್ಡುಗಳು ಇನ್ನೊಬ್ಬರ ಟಿವಿಗೆ ಆಗುತ್ತವೆ.

ಕೊಡುವ ಮುಂಚೆ, ಪರದೆ ಕಾಣುತ್ತಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ. ಕಾಣದಿದ್ದರೆ ಫೋನಿನಲ್ಲಿ ನಿಮ್ಮ ಗೂಗಲ್ ಖಾತೆ, ಸಿನಿಮಾ ನೋಡುವ ಆ್ಯಪ್‌ಗಳ ಖಾತೆ ತೆರೆದು, ಸಾಧನಗಳ ಪಟ್ಟಿಯಿಂದ ಆ ಟಿವಿಯನ್ನು ತೆಗೆದುಹಾಕಿ.